ಅಂಚಿನ ಹೆಸರು

ಕ್ಯೂ ಅಂತ ಊರಿನ ಹೆಸರು. ಅಲ್ಲಿ ಯಾರೂ ಸಾಲು ನಿಂತಿರಲಿಲ್ಲ.
ಮಂಗಳವಾರ, ಒಂಬತ್ತೂವರೆ.
ಪತ್ರಾಗಾರದ ಮುಂದಿನ ಕೊಳದಲ್ಲಿ ಒಂದು ಬಕ, ದಂಡೆಯಲ್ಲಿ ನಾನು.
ಪೆನ್ನು ಕಸಿದು ಪೆನ್ಸಿಲ್ ಸಾಕೆಂದರು,
ಚೀಲ ಕಸಿದು ಆಚೀಚೆ ಕಾಣುವ ಪ್ಲಾಸ್ಟಿಕ್ಕು ಕೊಟ್ಟರು.
ಕಾವಲಿನವನು ಪದಕವನ್ನು ಬೆಳಕಿಗೆ ಹಿಡಿದು
"ಚಾಕೊಲೇಟಾ?" ಅಂದ.

ನಮ್ಮ ಮನೆಯಲ್ಲಿ ಅದಕ್ಕೆ ಹಾಲು ಕಾಯುವ ಕೆಲಸ.
ಮುಚ್ಚಳದ ಮೇಲೆ ಭಾರಕ್ಕೆ ಕೂತಿರಬೇಕು, ಬೆಕ್ಕು ಬಾರದ ಹಾಗೆ.
ಯುಗಾದಿ ಯುಗಾದಿಗೆ ಅಜ್ಜಿ ಹುಣಸೆಹಣ್ಣು ಹಚ್ಚಿ
ತಿಕ್ಕಿ ತಿಕ್ಕಿ, ಮೊದಲು ರಾಜನ ಮೂಗು ಹೋಯಿತು,
ಆಮೇಲೆ ಗಡ್ಡ.
"ನಮ್ಮಪ್ಪ ಕುದುರೆ ಮೇಲೆ ಕತ್ತಿ ಹಿಡಿದು ಹೋದೋನು ಕಣೆ,
ಮಿಸ್ರದೇಸದಲ್ಲಿ ರಕ್ತದ ಕಾಲುವೆ ಕಂಡೋನು."
ಶಾಲೆಯ ಪ್ರಬಂಧದಲ್ಲಿ ಆ ಕುದುರೆಗೆ ನಾನು
ಬಿಳಿ ಬಣ್ಣ ಹಚ್ಚಿದ್ದೆ.

ಅಂಚು ಮಾತ್ರ ಸವೆದಿರಲಿಲ್ಲ. ಉಗುರಿಗೆ ತಾಗುತ್ತಿತ್ತು.
ಹೌನ್ಸ್ಲೋದಲ್ಲಿ ಮೂರು ಪೌಂಡಿನ ಭೂತಗನ್ನಡಿ ಕೊಂಡು ಓದಿದೆ:
ಚಿಕ್ ಮನಿ.
ಚಿಕ್ಕಮುನಿಯಪ್ಪ ಅಂದವನ ಬಾಯಿಗೂ
ಬರೆದುಕೊಂಡವನ ಕಿವಿಗೂ ನಡುವೆ ಯಾವ ಕಡಲಿತ್ತೋ,
ಮುನಿ ಅದರಲ್ಲಿ ಮುಳುಗಿ
ದುಡ್ಡಾಗಿ ಎದ್ದಿದ್ದ.

ಸವಾರರ ಪಟ್ಟಿಯಲ್ಲಿ ಹುಡುಕಿದೆ, 'ಸಿ'ಯಲ್ಲಿ, 'ಕೆ'ಯಲ್ಲಿ, 'ಎಂ'ನಲ್ಲಿ.
ಜಾಧವರಿದ್ದರು, ಬೇಗರಿದ್ದರು, ಅರಸುಗಳಿದ್ದರು.
ಕೌಂಟರಿನ ಬ್ರನ್‌ವೆನ್ ಪದಕವನ್ನು ಅಂಗೈಯಲ್ಲಿ ತೂಗಿದಳು.
"ಇದು ಕಂಚು. ಕಾದಿದವರದು ಬೆಳ್ಳಿ.
ಇದು... ಅವರ ಹಿಂದೆ ಹೋದವರದು"
ಎಂದಳು ಮೆಲ್ಲಗೆ, ರೋಗದ ಹೆಸರು ಹೇಳುವ ದಾದಿಯ ಹಾಗೆ.

ಇನ್ನೊಂದು ಪುಸ್ತಕ ಬಂತು. ಬಾಣಂತಿಯಂತೆ ಅದನ್ನು
ದಿಂಬಿಗೆ ಒರಗಿಸಿ ತೆರೆದೆ.
ಅಡುಗೆಯವರು, ನೀರು ಹೊರುವವರು, ಲಾಳ ಕಟ್ಟುವವರು,
ಹಾಳೆಯ ಕೆಳಗೆ, ಶಾಯಿ ಕಂದಿದ ಕಡೆ:
ಚಿಕ್ ಮನಿ. ಧೋಬಿ.

ಬಿಳಿ ಕುದುರೆ ನಿಂತಲ್ಲೇ ನಿಂತಿತು.
ಸವಾರ ಇಳಿದ. ಕತ್ತಿ ಪಕ್ಕಕ್ಕಿಟ್ಟು
ಬಟ್ಟೆಯ ಗಂಟು ಬಿಚ್ಚತೊಡಗಿದ.

ಸಿಟ್ಟು ಬಂತು ಅಜ್ಜಿಯ ಮೇಲೆ. ಆಮೇಲೆ ನಾಚಿಕೆ, ಸಿಟ್ಟು ಬಂದದ್ದಕ್ಕೆ.
ಊರವರ ಮೈಲಿಗೆ ಹೊತ್ತು ಕೆರೆಗೆ ಹೋದವರು ನಾವು,
ಅದನ್ನು ಮರೆಸಲು
ಎಷ್ಟು ಕುದುರೆ ಸಾಕಿದೆವು!

ಕ್ಯಾಂಟೀನಿನಲ್ಲಿ ಸೂಪು ತಣ್ಣಗಾಗುತ್ತಿದ್ದಾಗ ನೆನಪಾಯಿತು:
ನಾನು ದೊಡ್ಡವಳಾದ ದಿನ, ಬಚ್ಚಲಲ್ಲಿ, ಅಜ್ಜಿ ಹೇಳಿಕೊಟ್ಟದ್ದು.
"ತಣ್ಣೀರು ಕಣೆ. ಉಪ್ಪು. ಬಿಸಿನೀರು ಮುಟ್ಟಿಸಬೇಡ,
ರಕ್ತ ಕಚ್ಚಿಕೊಂಡುಬಿಡುತ್ತೆ. ನಮ್ಮಪ್ಪ ಹೇಳ್ತಿದ್ದ."
ಗಂಡಸಿಗೆ ಇದೆಲ್ಲ ಹೇಗೆ ಗೊತ್ತು
ಅಂತ ಆಗ ನಕ್ಕಿದ್ದೆ.

ಅಜ್ಜಿ ಸುಳ್ಳು ಹೇಳಿರಲಿಲ್ಲ, ಕುದುರೆಯೊಂದನ್ನು ಬಿಟ್ಟು.
ಮೊಣಕಾಲುದ್ದ ಕಾಲುವೆಯಲ್ಲಿ ನಿಂತಿದ್ದಾನೆ ಅವನು.
ಒಂದೊಂದು ಅಂಗಿ ಅದ್ದಿದಾಗಲೂ ಕೆಂಪು ಬಿಚ್ಚಿಕೊಂಡು
ಹರಿದುಹೋಗುತ್ತದೆ. ಕೊರಳಪಟ್ಟಿಯ ಒಳಗೆ ಅವನೇ ಇಟ್ಟ
ಕರಿಗೇರಿನ ಗುರುತು: ಇದು ಎರಡು ಚುಕ್ಕೆಯವನದು,
ಇದು ಗೆರೆಯವನದು, ಇದನ್ನು ಕೇಳಲು
ಇನ್ನು ಯಾರೂ ಬರುವುದಿಲ್ಲ.
ಆದರೂ ಒಗೆಯುತ್ತಾನೆ. ಒಣಗಿಸಿ ಮಡಿಸಿಡುತ್ತಾನೆ.
ಅಕ್ಷರ ಬಾರದವನು ಒಬ್ಬನ ಅಂಗಿ ಇನ್ನೊಬ್ಬನಿಗೆ ಕೊಟ್ಟವನಲ್ಲ.
ಅಕ್ಷರ ಬಲ್ಲವರು ಅವನ ಹೆಸರನ್ನೇ
ಅದಲುಬದಲು ಮಾಡಿದರು.

ದೊಡ್ಡ ಪುಸ್ತಕದಲ್ಲಿ ತಿದ್ದುವ ಹಾಗಿಲ್ಲ.
ನನ್ನ ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ
ಮೂರು ಚುಕ್ಕೆ, ಕೆಳಗೊಂದು ಗೆರೆ ಎಳೆದೆ.
ಅವನ ಅಂಗಿಗೆ ಯಾವ ಗುರುತಿತ್ತೋ, ಇತ್ತೋ ಇಲ್ಲವೋ.

ಹೊರಗೆ ಬರುವಾಗ ಕಾವಲಿನವನು ಹಾಳೆ ತಿರುವಿ ನೋಡಿದ.
"ಇದೇನು?"
"ಬಟ್ಟೆಯ ಲೆಕ್ಕ," ಅಂದೆ.